ಒಂದೇ ಚೀಟಿಯಲ್ಲಿ ಬರೆದು ತೋರಿಸಿ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಉಳಿತಾಯ, ಸಾಲದ ಮಾತು ಆಯ್ತು. ಇನ್ನು ಸ್ವಲ್ಪ ಆರೋಗ್ಯದ ವಿಷಯ ಮಾತಾಡೋಣ.

ನಮ್ಮ ಸಂಘದ ಒಬ್ಬ ಸದಸ್ಯೆಗೆ ಬೆಳಿಗ್ಗೆ ಎದ್ದರೆ ಬೆರಳಿನ ಗಂಟುಗಳೆಲ್ಲ ಬಿಗಿದು ನೋವು. ಅದಕ್ಕೆ ವಾತದ ಮಾತ್ರೆ ಸಿಕ್ಕಿತು. ಬಿಸಿಲಿಗೆ ಹೋದರೆ ಎರಡೂ ಕೆನ್ನೆ, ಮೂಗಿನ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪಾಗುತ್ತಿತ್ತು. ಅದಕ್ಕೆ ಇನ್ನೊಬ್ಬ ಡಾಕ್ಟರ ಮುಲಾಮು. ಬಾಯಿಹುಣ್ಣಿಗೆ ಉಷ್ಣ ಅಂತ ಮನೆಯಲ್ಲೇ ಮಜ್ಜಿಗೆ. ಕೂದಲು ಉದುರಿದ್ದಕ್ಕೆ ಎಣ್ಣೆ. ಹೀಗೇ ಎರಡು ವರ್ಷ ಹೋಯ್ತು. ಕೊನೆಗೆ ಕಾಲು ಊದಿಕೊಂಡಾಗ ಮೂತ್ರ ಪರೀಕ್ಷೆ ಮಾಡಿಸಿದರು. ಪ್ರೋಟೀನ್ ಸೋರುತ್ತಿತ್ತು, ಅಷ್ಟರಲ್ಲಿ ಮೂತ್ರಪಿಂಡಕ್ಕೂ ತಗುಲಿತ್ತು. ಇಷ್ಟೆಲ್ಲಕ್ಕೂ ಕಾರಣ ಒಂದೇ ಕಾಯಿಲೆ, ಲೂಪಸ್.

ರೋಗಾಣುಗಳನ್ನು ಓಡಿಸಬೇಕಾದ ನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿ ಬೀಳುವುದು ಈ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಚರ್ಮ, ಕೀಲು, ರಕ್ತ, ಮೂತ್ರಪಿಂಡ, ಹೃದಯ, ಮೆದುಳು, ಎಲ್ಲಿಗೆ ಬೇಕಾದರೂ ಹೋಗಬಹುದು. ಅಪರೂಪದ್ದು ನಿಜ, ಆದರೆ ಬಂದ 10 ಮಂದಿಯಲ್ಲಿ ಸುಮಾರು 9 ಮಂದಿ ಹೆಂಗಸರು, ಹೆಚ್ಚಿನವರು ಹೆರುವ ಪ್ರಾಯದವರು. ಅಂಟುರೋಗ ಮಾತ್ರ ಖಂಡಿತ ಅಲ್ಲ. ಆ ಸದಸ್ಯೆಯ ಪಕ್ಕ ಕೂರಲು ಕೆಲವರು ಹಿಂದೆಮುಂದೆ ನೋಡಿದ್ದು ನಮಗೆ ಬಹಳ ಬೇಸರವಾಯಿತು.

ಒಂದೇ ಪರೀಕ್ಷೆಯಲ್ಲಿ ಇದು ತೀರ್ಮಾನ ಆಗುವುದಿಲ್ಲ. ಎ.ಎನ್.ಎ. ಎಂಬ ರಕ್ತಪರೀಕ್ಷೆ ಉಂಟು. ಲೂಪಸ್ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಪಾಸಿಟಿವ್ ಬರುತ್ತದೆ. ಆದರೆ ಏನೂ ಕಾಯಿಲೆ ಇಲ್ಲದ ಕೆಲವರಿಗೂ ಬರುತ್ತದೆ! ಅಮೆರಿಕ, ಯುರೋಪಿನ ತಜ್ಞರು ಸೇರಿ 2019ರಲ್ಲಿ ಮಾಡಿದ ವರ್ಗೀಕರಣದಲ್ಲೂ ಎ.ಎನ್.ಎ. ಮೊದಲ ಮೆಟ್ಟಿಲು ಮಾತ್ರ. ಆಮೇಲೆ ಜ್ವರ, ಬಾಯಿಹುಣ್ಣು, ಕೀಲು, ಮೂತ್ರಪಿಂಡ, ಹೀಗೆ ಲಕ್ಷಣಗಳಿಗೆ ಅಂಕ ಕೂಡಿಸಿ ಕನಿಷ್ಠ 10 ಆಗಬೇಕು. ಅಂದರೆ ನಾವು ಬಾಯಿಬಿಟ್ಟು ಹೇಳದೆ ಇದ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ಗಂಟುನೋವಿನ ಡಾಕ್ಟರ ಹತ್ತಿರ ಬಾಯಿಹುಣ್ಣಿನ ಮಾತು ಯಾಕೆ ಅಂತ ಸುಮ್ಮನಿರುತ್ತೇವಲ್ಲ, ಅಲ್ಲೇ ತಪ್ಪುವುದು. ಗರ್ಭ ನಿಲ್ಲದೆ ಹೋದದ್ದನ್ನೂ ನಾಚಿಕೆ ಬಿಟ್ಟು ಹೇಳಬೇಕು.

ಸಂಘದ ಲೆಕ್ಕ ಬರೆಯುವ ಹಾಗೆಯೇ ಇದನ್ನೂ ಬರೆಯಿರಿ. ಯಾವ ತಿಂಗಳು ಏನಾಯಿತು, ಯಾವ ಮಾತ್ರೆ ತಗೊಂಡಿರಿ, ಎಲ್ಲ ಒಂದೇ ಚೀಟಿಯಲ್ಲಿ. ಹಳೆಯ ರಿಪೋರ್ಟುಗಳ ಜೊತೆ ಅದನ್ನು ಒಬ್ಬ ಫಿಜಿಶಿಯನ್‌ಗೆ ತೋರಿಸಿ. ಮೂತ್ರ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಮೂತ್ರಪಿಂಡ ಕೆಡುವಾಗ ಶುರುವಿಗೆ ನೋವೇ ಇರುವುದಿಲ್ಲ.

ಪೂರ್ತಿ ಹೋಗುವ ಕಾಯಿಲೆ ಅಲ್ಲ, ಹತೋಟಿಗೆ ಬರುತ್ತದೆ. ಮಾತ್ರೆ ತಾವಾಗಿಯೇ ನಿಲ್ಲಿಸಬಾರದು. ಆ ಸದಸ್ಯೆ ಈಗ ಕೊಡೆ ಹಿಡಿದುಕೊಂಡು ಸಭೆಗೆ ಬರುತ್ತಾರೆ, ಮಳೆಗಾಲವಲ್ಲದಿದ್ದರೂ. ಯಾರೂ ನಗಬೇಡಿ, ಅದು ಡಾಕ್ಟರು ಹೇಳಿದ್ದು.