ಸೈನ್ಯದ ಖರ್ಚಿಗೆ ಹೋದ ಸೀಮೆ



ತೆಲಿಗಿಯಲ್ಲಿ ನಿಂತು ಈಸ್ಟ್ ಇಂಡಿಯಾ ಕಂಪನಿಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಹರಪನಹಳ್ಳಿಯೂ ಸೇರಿದಂತೆ ಬಳ್ಳಾರಿ ಸೀಮೆಯನ್ನು ಇಂಗ್ಲಿಷರು ನಿಜಾಮನಿಂದ ಯುದ್ಧ ಮಾಡಿ ಗೆದ್ದುಕೊಳ್ಳಲಿಲ್ಲ. ಸಾಲದ ಬಾಬ್ತಿಗೆ ಹೊಲ ಬರೆದುಕೊಡುವಂತೆ ಅವನೇ ಬರೆದುಕೊಟ್ಟ.

ಕಂಪನಿ ಎಂದರೆ ದೂರದ ಲಂಡನ್ನಿನ ವರ್ತಕರ ಕೂಟ. ಆದರೆ 1765ರಿಂದ ಬಂಗಾಳದ ಕಂದಾಯ ಅದರ ಕೈಯಲ್ಲಿತ್ತು. ಆ ಹಣದಿಂದ ಸಿಪಾಯಿಗಳನ್ನು ಸಾಕುತ್ತಿತ್ತು. ಇಂಥ ಶಕ್ತಿಯೊಡನೆ ಹೇಗಿರಬೇಕು ಎಂಬುದು ದಕ್ಷಿಣದ ಅರಸರ ಚಿಂತೆಯಾಗಿತ್ತು. ಟಿಪ್ಪು ಬೇರೆ ನಂಟು ಹುಡುಕಿದ. ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿ ಇಟ್ಟ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆಯನ್ನು ಕಂಡರು. ಕುಶಲಕರ್ಮಿಗಳು ಬಂದರು, ಸೈನ್ಯ ಬರಲಿಲ್ಲ.

ನಿಜಾಮ್ ಅಲಿ ಖಾನನ ಕಷ್ಟ ಬೇರೆ. 1795ರಲ್ಲಿ ಖರ್ಡಾದಲ್ಲಿ ಮರಾಠರು ಅವನನ್ನು ಸೋಲಿಸಿದಾಗ ಸ್ನೇಹಿತನೆನಿಸಿದ ಕಂಪನಿ ಸುಮ್ಮನಿತ್ತು. ಆದರೂ 1798ರಲ್ಲಿ ಅವನು ಅದರ ಬಾಗಿಲಿಗೇ ಹೋದ. ಕಂಪನಿಯ ಆರು ಪಡೆಗಳು ಅವನ ರಾಜ್ಯದಲ್ಲಿರಬೇಕು, ಅವನು ವರ್ಷಕ್ಕೆ 24,17,100 ರೂಪಾಯಿ ಕೊಡಬೇಕು, ತನ್ನ ಬಳಿಯ ಫ್ರೆಂಚ್ ಅಧಿಕಾರಿಗಳನ್ನು ಕಳಿಸಿಬಿಡಬೇಕು ಎಂಬ ಕರಾರಾಯಿತು.

1799ರಲ್ಲಿ ಟಿಪ್ಪು ಮಡಿದ. ಗೆದ್ದವರ ಪಾಲಿನಲ್ಲಿ ನಿಜಾಮನಿಗೂ ನೆಲ ಸಿಕ್ಕಿತು. ಮರುವರ್ಷ, 1800ರ ಅಕ್ಟೋಬರ್ 12ರಂದು, ಹೊಸ ಒಪ್ಪಂದ. ಪಡೆ ಹೆಚ್ಚಿತು, ಖರ್ಚಿಗೆ ರೊಕ್ಕದ ಬದಲು ನೆಲವನ್ನೇ ಕೊಡಬೇಕಾಯಿತು. 1792 ಮತ್ತು 1799ರ ಯುದ್ಧಗಳಲ್ಲಿ ಕಂಪನಿಯ ಜೊತೆಗಾರನಾಗಿ ಪಡೆದ ಪಾಲು ಹೀಗೆ ಕಂಪನಿಗೇ ಸಂದಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಿಗೆ ದತ್ತ ಮಂಡಲವೆಂಬ ಹೆಸರು ಬಂದದ್ದು ಇದರಿಂದ. ಇಲ್ಲಿನ ಪಾಳೆಯಗಾರರನ್ನಾಗಲಿ ರೈತರನ್ನಾಗಲಿ ಯಾರು ಕೇಳಿದರು?

ನಿಜಾಮನನ್ನು ದಡ್ಡನೆನ್ನುವುದು ಸುಲಭ. ನಾನು ಹಾಗೆನ್ನಲಾರೆ. ಪಕ್ಕದಲ್ಲಿ ಮರಾಠರಿದ್ದರು, ಅವನ ಮನೆತನದ ಆಳ್ವಿಕೆ 1948ರವರೆಗೆ ಉಳಿಯಿತು. ಅವನ ಗದ್ದುಗೆ ಉಳಿಸಿದ ನಂಟಿನ ಬೆಲೆಯನ್ನು ತೆತ್ತದ್ದು ಮಾತ್ರ ನಮ್ಮ ಸೀಮೆ.

ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಊರೂರು ತಿರುಗಿದ. ಪಾಳೆಯಗಾರರನ್ನು ಅಡಗಿಸಿ, ಕಂದಾಯವನ್ನು ನೇರವಾಗಿ ರೈತನಿಗೇ ಗೊತ್ತುಪಡಿಸಿದ. ಹೊಸಪೇಟೆಯ ಎದುರು ದಡದ ಕೊಪ್ಪಳ ಹೈದರಾಬಾದಿಗೆ ಉಳಿಯಿತು, ನಾವು ಮದರಾಸಿನವರಾದೆವು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳದವರು ಅದೇ ರಾಜ್ಯಕ್ಕೆ ಬರಲು 1956 ಆಗಬೇಕಾಯಿತು.