ಹಳ್ಳಿಯ ಕಲಾಸಂಘವನ್ನು ನಡೆಸುವವರು

(ಚೆನ್ನೈನ ಟಿ. ನಗರದಲ್ಲಿ ಸೇರಿದ್ದ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



'ಕಲೆ ಮತ್ತು ಸಮುದಾಯ' ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಕಲೆಯ ಬಗೆಗೆ ಮಾತನಾಡುವ ಅರ್ಹತೆ ನನಗಿಲ್ಲವೆಂದು ಹೇಳಿದೆ. ಎಂದೋ ಪಡೆದ ಸ್ನಾತಕೋತ್ತರ ಪದವಿಯೊಂದನ್ನು ಬಿಟ್ಟರೆ ನಾನು ಮೂವತ್ತು ವರ್ಷಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವನು. ನನಗೆ ತಿಳಿದಿರುವುದು ವೋಚರು, ರಸೀದಿ, ಆಕ್ಷೇಪಣೆ, ಮರುಟಿಪ್ಪಣಿ. ಆದುದರಿಂದ ರಂಗದ ಮೇಲೆ ಅಭಿನಯಿಸುವವರನ್ನು ಬಿಟ್ಟು, ಅವರಿಗೆ ಊಟ, ವಸತಿ, ವಾಹನಗಳನ್ನು ಒದಗಿಸಿ ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವವರನ್ನು ಕುರಿತು ನಾಲ್ಕು ಮಾತು ಹೇಳಲು ಅನುಮತಿ ಬೇಡಿದೆ. ಅವರು ನಕ್ಕು ಒಪ್ಪಿದರು.

ನಾವಿರುವ ಈ ಟಿ. ನಗರದಲ್ಲಿ ಕಲಾಸಂಸ್ಥೆಗಳಿಗೆ ಕೊರತೆಯಿಲ್ಲ. ವಾಣಿ ಮಹಲಿನಿಂದ ಕೃಷ್ಣ ಗಾನ ಸಭೆಯವರೆಗೆ ನಡೆದು ಹೋಗಬಹುದು. ಮಾರ್ಗಳಿ ತಿಂಗಳಿನಲ್ಲಿ ಮಧ್ಯಾಹ್ನದ ಕಚೇರಿಯನ್ನು ಉಚಿತವಾಗಿ ಕೇಳಿ, ಕ್ಯಾಂಟೀನಿನಲ್ಲಿ ತಿಂಡಿ ತಿಂದು, ಸಂಜೆಯ ಕಚೇರಿಗೆ ಟಿಕೆಟು ಕೊಳ್ಳಬಹುದು. (ನಮ್ಮಲ್ಲಿ ಕೆಲವರು ಮೊದಲನೆಯದನ್ನೂ ಎರಡನೆಯದನ್ನೂ ನಿಷ್ಠೆಯಿಂದ ಪಾಲಿಸಿ ಮೂರನೆಯದನ್ನು ಮರೆಯುತ್ತೇವೆ.) ಈ ಸಭೆಗಳ ಹಿಂದೆ ಪೋಷಕರಿದ್ದಾರೆ, ಜಾಹೀರಾತುಗಳಿವೆ, ನಿವೃತ್ತ ಅಧಿಕಾರಿಗಳ ಬಿಡುವಿದೆ. ಇವು ಯಾವುವೂ ಇಲ್ಲದ ಹಳ್ಳಿಯಲ್ಲಿ ಇಂಥ ಕಾರ್ಯವನ್ನು ಯಾರು, ಯಾತಕ್ಕಾಗಿ ತಲೆಯ ಮೇಲೆ ಹೊರುತ್ತಾರೆ?

ಕನ್ನಡಿಗರಿಗೆ ಇದಕ್ಕೆ ಉತ್ತರವಾಗಿ ಮೊದಲು ನೆನಪಾಗುವ ಹೆಸರು ಹೆಗ್ಗೋಡು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಈ ಊರಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಹುಟ್ಟಿತು. ಆಗ ಕೆ.ವಿ. ಸುಬ್ಬಣ್ಣನವರಿಗೆ ಹದಿನೇಳು ವರ್ಷ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು ಆ ಕಾಲದ ಇತರ ಪದವೀಧರರಂತೆ ನಗರದಲ್ಲಿ ನೌಕರಿ ಹಿಡಿಯದೆ ಅಡಿಕೆ ತೋಟಕ್ಕೆ ಹಿಂತಿರುಗಿದರು. ಅಕ್ಷರ ಪ್ರಕಾಶನ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ, ಈ ಕಥೆ ನಮಗೆಲ್ಲ ತಿಳಿದದ್ದೇ. ಪ್ರಶಸ್ತಿ ಬಂದಾಗ ನಾವು ಹೆಮ್ಮೆಪಟ್ಟೆವು, 2005ರ ಜುಲೈನಲ್ಲಿ ಅವರು ತೀರಿಕೊಂಡಾಗ ಸಂತಾಪ ಸೂಚಿಸಿದೆವು.

ಆದರೆ ಈ ಪಟ್ಟಿಯನ್ನು ಒಬ್ಬ ಲೆಕ್ಕದವನ ಕಣ್ಣಿನಿಂದ ನೋಡಿದರೆ ಬೇರೆಯೇ ಒಂದು ಪ್ರಶ್ನೆ ಏಳುತ್ತದೆ. ರಂಗಶಿಕ್ಷಣ ಕೇಂದ್ರವೆಂದರೆ ಪ್ರತಿ ವರ್ಷವೂ ಒಂದು ತಂಡ ತರುಣ ತರುಣಿಯರಿಗೆ ತಿಂಗಳುಗಟ್ಟಲೆ ಅನ್ನ ಹಾಕುವುದು. ತಿರುಗಾಟವೆಂದರೆ ಕೆಲವು ನಾಟಕಗಳನ್ನು ಸಿದ್ಧಪಡಿಸಿ, ನಟರಿಗೆ ಸಂಬಳ ಗೊತ್ತುಮಾಡಿ, ರಂಗಸಜ್ಜಿಕೆಯನ್ನೂ ದೀಪಗಳನ್ನೂ ವಾಹನಕ್ಕೆ ತುಂಬಿ ಕರ್ನಾಟಕದ ಊರೂರು ಸುತ್ತುವುದು. ವಾಹನ ದಾರಿಯಲ್ಲಿ ಕೆಟ್ಟರೆ ಮುಂದಿನ ಊರಿನ ಪ್ರದರ್ಶನ ಏನಾಗಬೇಕು, ನಟಿಗೆ ಜ್ವರ ಬಂದರೆ ಪಾತ್ರವನ್ನು ಯಾರು ವಹಿಸಬೇಕು, ಇವು ಸೌಂದರ್ಯಮೀಮಾಂಸೆಯ ಪ್ರಶ್ನೆಗಳಲ್ಲ. ಆದರೆ ಇವಕ್ಕೆ ಉತ್ತರ ಸಿಗದಿದ್ದರೆ ಸೌಂದರ್ಯಮೀಮಾಂಸೆಗೆ ಅವಕಾಶವೇ ಇರುವುದಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ತಿರುಗಾಟದ ನಾಟಕವೊಂದು ಒಂದು ಊರಿಗೆ ಬರಬೇಕಾದರೆ ಆ ಊರಿನಲ್ಲಿ ಅದನ್ನು ಕರೆಸುವವರು ಇರಬೇಕು. ಒಬ್ಬ ಮೇಷ್ಟರು, ಒಬ್ಬ ಅಂಗಡಿಯವರು, ಒಂದು ಯುವಕ ಸಂಘ. ನೀನಾಸಂ ನಿಂತಿರುವುದು ಹೆಗ್ಗೋಡಿನವರಿಂದ ಮಾತ್ರವಲ್ಲ, ಹೀಗೆ ನೂರಾರು ಊರುಗಳಲ್ಲಿ ಚಂದಾ ಎತ್ತಿ, ಶಾಲೆಯ ಅಂಗಳವನ್ನು ಗುಡಿಸಿ, ನಟರಿಗೆ ತಮ್ಮ ಮನೆಗಳಲ್ಲಿ ಊಟ ಹಾಕಿದವರಿಂದ.

ಕೆಲವು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ನಡೆಯುತ್ತಿದ್ದ ಸಂಸ್ಕೃತಿ ಶಿಬಿರಕ್ಕೆ ನಾನು ರಜೆ ಹಾಕಿ ಹೋಗಿದ್ದೆ. ಬಹುಕಾಲ ಯು.ಆರ್. ಅನಂತಮೂರ್ತಿಯವರು ಮುನ್ನಡೆಸಿದ ಶಿಬಿರ ಅದು. ಬೆಳಗಿನಿಂದ ಉಪನ್ಯಾಸ, ಚರ್ಚೆ, ರಾತ್ರಿ ನಾಟಕ. ಚರ್ಚೆಗಳಲ್ಲಿ ಅರ್ಧದಷ್ಟು ನನ್ನ ತಲೆಯ ಮೇಲೆಯೇ ಹಾರಿಹೋದುವು, ಅದನ್ನು ಮರೆಮಾಚಲಾರೆ. ನನ್ನ ನೆನಪಿನಲ್ಲಿ ಉಳಿದವರು ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ ಒಬ್ಬ ಮಧ್ಯವಯಸ್ಕರು. ಪಕ್ಕದ ಹಳ್ಳಿಯ ತೋಟಗಾರರು. "ನೀವು ಇಲ್ಲಿ ಏನಾಗಿದ್ದೀರಿ?" ಎಂದು ನನ್ನ ಅಭ್ಯಾಸದಂತೆ ಹುದ್ದೆಯನ್ನು ಕೇಳಿದೆ. "ಆಗುವುದೇನು ಬಂತು ಸ್ವಾಮಿ, ಕೊನೆಕೊಯ್ಲು ಶುರುವಾಗುವವರೆಗೆ ಬಿಡುವಿದೆ, ಬರುತ್ತೇನೆ" ಎಂದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆದು, ಚಳಿಗಾಲದಲ್ಲಿ ಅಡಿಕೆ ಸುಲಿಸಿ ಬೇಯಿಸಿ, ನಡುವೆ ಸಿಕ್ಕ ದಿನಗಳನ್ನು ಅವರು ಸಂಘಕ್ಕೆ ಕೊಡುತ್ತಿದ್ದರು. ಅವರ ತಂದೆಯೂ ಹಾಗೆಯೇ ಕೊಟ್ಟವರಂತೆ. ಮಗ? "ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ" ಎಂದು ಹೇಳಿ ಮುಂದಿನ ಎಲೆಗೆ ಹೋದರು.

ಇಲ್ಲಿ ನನ್ನ ಸ್ವಂತದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನಿದ್ದ ಒಂದು ಕಚೇರಿಗೆ ಸಣ್ಣ ಕಲಾಸಂಘಗಳ ಅನುದಾನದ ಲೆಕ್ಕಗಳು ಬರುತ್ತಿದ್ದುವು. ಘಟ್ಟದ ಕೆಳಗಿನ ಒಂದು ಊರಿನ ಯಕ್ಷಗಾನ ಮಂಡಳಿಯ ಬಳಕೆ ಪ್ರಮಾಣಪತ್ರವೂ ಬಂತು. ಮದ್ದಳೆಗೆ ಚರ್ಮ ಹೊಚ್ಚಿಸಿದ ಖರ್ಚಿಗೆ ರಸೀದಿಯಿರಲಿಲ್ಲ. ಮಂಡಳಿಯ ಕಾರ್ಯದರ್ಶಿ ಒಂದು ಬಿಳಿಯ ಹಾಳೆಯ ಮೇಲೆ, ದುರಸ್ತಿ ಮಾಡಿದವರಿಗೆ ಓದುಬರಹ ಬಾರದೆಂದೂ ಹೆಬ್ಬೆಟ್ಟು ಒತ್ತಿಸಿರುವುದಾಗಿಯೂ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು. ಮೊತ್ತ ಅಲ್ಪ. ಅದನ್ನು ಒಪ್ಪಿಕೊಳ್ಳಲು ನಿಯಮದಲ್ಲಿ ಎಡೆಯಿತ್ತು, ನನಗೆ ಅದು ಗೊತ್ತೂ ಇತ್ತು. ಆದರೂ "ಅಂಗಡಿಯ ಮುದ್ರಿತ ಬಿಲ್ಲನ್ನು ಲಗತ್ತಿಸತಕ್ಕದ್ದು" ಎಂದು ಬರೆದು ಹಿಂದಕ್ಕೆ ಕಳಿಸಿದೆ. ಮುಂದೆ ಯಾರಾದರೂ ನನ್ನನ್ನು ಪ್ರಶ್ನಿಸಿಯಾರೆಂಬ ಭಯ, ಅಷ್ಟೆ. ಉತ್ತರ ಬರಲಿಲ್ಲ. ಮರುವರ್ಷ ಆ ಮಂಡಳಿ ಅರ್ಜಿಯನ್ನೂ ಹಾಕಲಿಲ್ಲ. ಕಡತ ಮುಕ್ತಾಯವಾಯಿತೆಂದು ನಾನೇ ಸಹಿ ಮಾಡಿದೆ.

ಹೆಗ್ಗೋಡಿನ ಆ ಪಂಕ್ತಿಯಲ್ಲಿ ಕುಳಿತಿದ್ದಾಗ ನನಗೆ ಆ ದುಂಡಗಿನ ಅಕ್ಷರಗಳು ನೆನಪಾದುವು. ಹಗಲೆಲ್ಲ ಗದ್ದೆಯಲ್ಲೋ ಶಾಲೆಯಲ್ಲೋ ದುಡಿದು, ರಾತ್ರಿ ಲಾಟೀನಿನ ಮುಂದೆ ಕುಳಿತು ಮೂರು ಪ್ರತಿಗಳಲ್ಲಿ ಲೆಕ್ಕ ಬರೆದವರು ಅವರು. ಅವರಿಗೆ ಮದ್ದಳೆಯೂ ಬೇಕಾಗಿತ್ತು, ನನ್ನ ಒಪ್ಪಿಗೆಯೂ ಬೇಕಾಗಿತ್ತು. ಗ್ರಾಮೀಣ ಕಲೆಗೆ ಸಿನಿಮಾ ಶತ್ರು, ದೂರದರ್ಶನ ಶತ್ರು ಎಂದೆಲ್ಲ ನಾವು ಭಾಷಣ ಮಾಡುತ್ತೇವಷ್ಟೆ? 1970ರ ದಶಕದಲ್ಲಿಯೇ ಹೆಗ್ಗೋಡಿನವರು ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ಹಳ್ಳಿಗರಿಗೆ ತೋರಿಸಿ ಸಿನಿಮಾವನ್ನು ಮಿತ್ರನನ್ನಾಗಿ ಮಾಡಿಕೊಂಡರು. ಮುದ್ರಿತ ಬಿಲ್ಲು ಕೇಳುವ ನನ್ನಂಥವನನ್ನು ಮಿತ್ರನನ್ನಾಗಿ ಮಾಡಿಕೊಳ್ಳುವುದು ಅದಕ್ಕಿಂತ ಕಷ್ಟ.

ಈ ನಾಡಿನಲ್ಲಿಯೂ ಇಂಥವರಿದ್ದಾರೆ. ಚೆನ್ನೈನ 'ಕೂತ್ತುಪ್ಪಟ್ಟರೈ'ಯನ್ನು ಕಟ್ಟಿದ ನಾ. ಮುತ್ತುಸ್ವಾಮಿಯವರಿಗೆ ದಾರಿ ತೋರಿದ್ದು ಪುರಿಸೈ ಹಳ್ಳಿಯ ತೆರುಕ್ಕೂತ್ತು. ಅಲ್ಲಿ ಕಣ್ಣಪ್ಪ ತಂಬಿರಾನರ ಮನೆತನವೇ ಕಲೆಯನ್ನೂ ಅದರ ಸಂಘಟನೆಯನ್ನೂ ಹೊತ್ತಿತು. ಕಾಂಚೀಪುರದ ಬಳಿ ಪಿ. ರಾಜಗೋಪಾಲರೂ ಹನ್ನೆ ದ ಬ್ರೂಯಿನರೂ ನಡೆಸಿದ ಕಟ್ಟೈಕ್ಕೂತ್ತಿನ ಗುರುಕುಲ ಬಡಮಕ್ಕಳಿಗೆ ಶಾಲೆಯ ಪಾಠವನ್ನೂ ಆಟವನ್ನೂ ಕಲಿಸಿ 2020ರಲ್ಲಿ ಮುಚ್ಚಿತು. ನಮ್ಮ ಮನೆಗಳಿಂದ ಎರಡು ಗಂಟೆಯ ದಾರಿಯಲ್ಲಿ ಇದ್ದ ಅದನ್ನು ನಮ್ಮ ಸಂಘದವರಲ್ಲಿ ಎಷ್ಟು ಮಂದಿ ನೋಡಿದ್ದೇವೆ? ನಾನಂತೂ ನೋಡಲಿಲ್ಲ.

ಸುಬ್ಬಣ್ಣನವರ ನಂತರ ಹೆಗ್ಗೋಡು ನಿಂತೀತೇ ಎಂಬ ಸಂದೇಹ ಅನೇಕರಿಗಿತ್ತು. ಕೆ.ವಿ. ಅಕ್ಷರರೂ ಸಂಗಡಿಗರೂ ಅದನ್ನು ಮುಂದುವರಿಸಿದರು. ಮಗನು ತಂದೆಯ ಕೆಲಸವನ್ನು ಹೊತ್ತದ್ದು ಸಂತೋಷದ ವಿಷಯವೇ. ಆದರೆ ಸಮುದಾಯದ ಸಂಸ್ಥೆ ಒಂದು ಮನೆತನದ ಹೊರೆಯಾಗಿ ಉಳಿಯಬಾರದೆಂದು ನನ್ನ ಅಭಿಪ್ರಾಯ. ಇದನ್ನು ಅವರ ಮೇಲಿನ ಟೀಕೆಯಾಗಿ ಹೇಳುತ್ತಿಲ್ಲ. ಸಾರು ಬಡಿಸುತ್ತಿದ್ದ ಆ ಹಿರಿಯರ ಮಗ ಬೆಂಗಳೂರಿನಲ್ಲಿದ್ದಾನೆ, ನಾವು ಇಲ್ಲಿದ್ದೇವೆ. ಹಳ್ಳಿಯಲ್ಲಿ ಹೆಗಲು ಕೊಡುವವರು ಕಡಿಮೆಯಾದದ್ದರಲ್ಲಿ ನಮ್ಮ ಪಾಲೂ ಇದೆ. 'ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು' ಎಂದು ತಮ್ಮ ಪುಸ್ತಕಕ್ಕೆ ಹೆಸರಿಟ್ಟ ಸುಬ್ಬಣ್ಣನವರು ಕನ್ನಡವನ್ನು ರಾಜ್ಯದ ಗಡಿಯೊಳಗಿನ ಆಸ್ತಿಯಾಗಿ ಕಾಣದೆ ಒಂದು ಜಗತ್ತಾಗಿ ಕಂಡರು. ಆ ಜಗತ್ತಿನಲ್ಲಿ ನಾವೂ ಸೇರಿದವರಾದರೆ ಅದರ ಖರ್ಚಿನಲ್ಲಿಯೂ ಸೇರಬೇಕು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಸೂಚನೆ. ಪ್ರತಿ ವರ್ಷ ನಾವು ರಾಜ್ಯೋತ್ಸವಕ್ಕೆ ಹಾರ, ಶಾಲು, ಫಲಕಗಳಿಗಾಗಿ ಮಾಡುವ ವೆಚ್ಚದಲ್ಲಿ ಅರ್ಧವನ್ನು ತೆಗೆದಿರಿಸಿ, ಹಳ್ಳಿಯ ಒಂದು ತಂಡವನ್ನು ಕರೆಸೋಣ. ಕಲಾವಿದರನ್ನು ಹೋಟೆಲಿನಲ್ಲಿ ಇಳಿಸುವುದು ಬೇಡ, ನಮ್ಮ ಮನೆಗಳಲ್ಲಿಯೇ ಇರಲಿ. ಅವರೊಡನೆ ಅವರ ಕಾರ್ಯದರ್ಶಿಯನ್ನೂ ಕರೆಯೋಣ, ವೇದಿಕೆಯ ಮೇಲೆ ಅವರಿಗೂ ಒಂದು ಕುರ್ಚಿ ಹಾಕೋಣ. ಮತ್ತೆ, ಯಾವುದಾದರೂ ಸಣ್ಣ ಮಂಡಳಿಗೆ ಅನುದಾನದ ಅರ್ಜಿ, ಲೆಕ್ಕ, ಪ್ರಮಾಣಪತ್ರಗಳನ್ನು ಬರೆದುಕೊಡಲು ಜನ ಬೇಕಾದರೆ, ಆಕ್ಷೇಪಣೆಗಳೆಲ್ಲ ಎಲ್ಲಿಂದ ಹುಟ್ಟುತ್ತವೆಂಬುದನ್ನು ಬಲ್ಲವನು ನಾನು. ಭಾನುವಾರಗಳಲ್ಲಿ ಆ ಕೆಲಸ ಮಾಡಲು ಸಿದ್ಧನಿದ್ದೇನೆ. ನನ್ನ ವಿಳಾಸ ಸಂಘದ ಕಚೇರಿಯಲ್ಲಿದೆ.