ಚೀಲ ಕಾಯುವವರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕೋಶ ಓದುವ ಕೆಲಸವನ್ನು ನಾನು 34 ವರ್ಷ ಹೊಟ್ಟೆಪಾಡಿಗಾಗಿಯೇ ಮಾಡಿದವನು. ಅದನ್ನು ಒಬ್ಬನೇ ಒಂದು ಮೂಲೆಯಲ್ಲಿ ಕುಳಿತು ಮಾಡಬಹುದು. ದೇಶವನ್ನೂ ಒಬ್ಬನೇ ಸುತ್ತಬಹುದು. ಆದರೆ ಮಡದಿ, ಮಕ್ಕಳು, ವಯಸ್ಸಾದ ತಾಯಿ, ನಾಲ್ಕು ಚೀಲ, ಒಂದು ತಿಂಡಿಯ ಡಬ್ಬಿ, ಒಂದು ನೀರಿನ ಕೂಜ, ಇಷ್ಟರ ಸಮೇತ ದೇಶ ಸುತ್ತುವುದು ಬೇರೆಯೇ ಒಂದು ವಿದ್ಯೆ. ಅದಕ್ಕೆ ಪಠ್ಯಪುಸ್ತಕವಿಲ್ಲ, ಗುರುವೂ ಇಲ್ಲ. ನಾನು ಅದನ್ನು ಕಲಿತದ್ದು ತಪ್ಪು ಮಾಡಿ. ಆ ತಪ್ಪನ್ನೂ, ಅದರಿಂದ ಕಲಿತ ಒಂದೆರಡು ಸಣ್ಣ ಪಾಠಗಳನ್ನೂ ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

1992ರ ಬೇಸಗೆ ರಜೆ. ತುಮಕೂರಿನಿಂದ ನಾವು ಐವರು ಹೊರಟೆವು. ಹೊರಡುವ ಮುನ್ನ ನಾನೊಂದು ಪಟ್ಟಿ ತಯಾರಿಸಿದ್ದೆ: ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು, ಶ್ರೀರಂಗಪಟ್ಟಣ, ಎಲ್ಲಕ್ಕೂ ಸೇರಿ ಮೂರು ದಿನ. ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ದೇವಾಲಯಕ್ಕೆ ಎಷ್ಟು ನಿಮಿಷ ಎಂಬುದೆಲ್ಲ ಅದರಲ್ಲಿತ್ತು. ತರಗತಿಯ ವೇಳಾಪಟ್ಟಿ ಬರೆದು ರೂಢಿಯಾದ ಕೈ. ಸಂಸಾರಕ್ಕೂ ಅದನ್ನೇ ಬರೆಯಿತು.

ಎರಡನೆಯ ದಿನ ಮಧ್ಯಾಹ್ನ ಶ್ರವಣಬೆಳಗೊಳ ತಲಪಿದೆವು. ಸಂಜೆಯ ಬಸ್ಸಿಗೆ ಮೈಸೂರಿನ ಕಡೆ ಹೊರಡಬೇಕಾಗಿದ್ದುದರಿಂದ ಕೋಣೆ ಹಿಡಿದಿರಲಿಲ್ಲ. ಚೀಲಗಳೆಲ್ಲ ನಮ್ಮ ಕೈಯಲ್ಲೇ ಇದ್ದವು. ವಿಂಧ್ಯಗಿರಿಯ ಮೆಟ್ಟಿಲುಗಳು 600ಕ್ಕೂ ಮಿಕ್ಕು. ಅಮ್ಮನಿಗೆ ಆಗ 62 ವರ್ಷ, ಮಂಡಿನೋವು ಬೇರೆ. ಡೋಲಿ ಹೊರುವವರು ಬಂದು, "ಅಮ್ಮಾವ್ರನ್ನ ಕರ್ಕೊಂಡ್ಹೋಗಿ ಬರ್ತೀವಿ ಸ್ವಾಮಿ" ಎಂದರು. ನಾನು ಗಡಿಯಾರ ನೋಡಿದೆ. ಅಮ್ಮ ನನ್ನ ಮುಖ ನೋಡಿದರು. ನೋಡಿ, "ನೀವು ಹೋಗಿ ಬನ್ನಿ. ಚೀಲ, ಚಪ್ಪಲಿ ನಾನು ನೋಡಿಕೊಂಡಿರುತ್ತೇನೆ" ಎಂದು ನೆರಳು ಹುಡುಕಿ ಕುಳಿತರು. ನಾವು ಹತ್ತಿದೆವು. ಸುಮಾರು ಸಾವಿರ ವರ್ಷಗಳ ಹಿಂದೆ ಚಾವುಂಡರಾಯ ನಿಲ್ಲಿಸಿದ, 58 ಅಡಿಗಳಷ್ಟು ಎತ್ತರದ ಆ ಮೂರ್ತಿಯ ಮುಂದೆ ನಿಂತು ನಾನು ಮಕ್ಕಳಿಗೆ ತ್ಯಾಗದ ಹಿರಿಮೆಯನ್ನು ವಿವರಿಸಿದೆ. ಇಳಿದು ಬಂದಮೇಲೆ ಎಂಟು ವರ್ಷದ ಮಗ, "ಅಜ್ಜೀ, ಗೊಮ್ಮಟನ ಕಾಲಿಗೆಲ್ಲ ಬಳ್ಳಿ ಹಬ್ಬಿದೆ" ಎಂದು ಕೈಯಾಡಿಸಿ ತೋರಿಸಿದ. ಬಸ್ಸು ಸಿಕ್ಕಿತು. ಪಟ್ಟಿಯಲ್ಲಿದ್ದುದೆಲ್ಲ ಮುಗಿಯಿತು.

ಊರಿಗೆ ಬಂದ ಮರುದಿನ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಗೊಮ್ಮಟೇಶ್ವರನ್ನ ನೋಡಿದಿರಾ?" ಎಂದು ಕೇಳಿದರು. ಅಮ್ಮ, "ಮೆಟ್ಟಿಲು ನೋಡಿದೆ ಕಣಮ್ಮ. ಚೆನ್ನಾಗಿ ಕಡಿದಿದ್ದಾರೆ" ಎಂದರು. ಅದರಲ್ಲಿ ದೂರಿನ ಸೋಂಕೂ ಇರಲಿಲ್ಲ. ಒಳಗೆ ಓದುತ್ತ ಕುಳಿತಿದ್ದ ನನಗೆ ಮಾತ್ರ ಆಮೇಲೆ ಓದು ಸಾಗಲಿಲ್ಲ. ಇನ್ನೊಮ್ಮೆ ಕರೆದುಕೊಂಡು ಹೋದರಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಇನ್ನೊಮ್ಮೆ ಬರಲಿಲ್ಲ. 1997ರಲ್ಲಿ ಅಮ್ಮ ತೀರಿಕೊಂಡರು.

ಕನ್ನಡದ 'ಕಾಯು' ಎಂಬ ಧಾತುವಿಗೆ ನಿರೀಕ್ಷಿಸು ಎಂಬ ಅರ್ಥವೂ ಇದೆ, ರಕ್ಷಿಸು ಎಂಬ ಅರ್ಥವೂ ಇದೆ. ಇದನ್ನು ನಾನು ಎಷ್ಟೋ ತರಗತಿಗಳಲ್ಲಿ ಪಾಠ ಹೇಳಿದ್ದೆ. ಎರಡೂ ಅರ್ಥಗಳನ್ನು ಒಬ್ಬರೇ ಏಕಕಾಲದಲ್ಲಿ ಹೊತ್ತು ಕುಳಿತಿರುವುದನ್ನು ಕಾಣಬೇಕಾದರೆ ಬೆಟ್ಟದ ಬುಡದಲ್ಲಿ ಚೀಲ ಕಾಯುವ ತಾಯಂದಿರನ್ನು ನೋಡಬೇಕು. ಸಕುಟುಂಬವಾಗಿ ಹೊರಟ ಬಹುತೇಕ ತಂಡಗಳಲ್ಲಿ ಹೀಗೆ ಒಬ್ಬರು ಇರುತ್ತಾರೆ. ಬೆಟ್ಟವಿಲ್ಲದ ಊರಿನಲ್ಲಿಯೂ ಇರುತ್ತಾರೆ. ಆ ಮೂರು ದಿನಗಳಲ್ಲಿ ನನ್ನ ಪತ್ನಿ ನೋಡಿದ್ದಕ್ಕಿಂತ ಬಡಿಸಿದ್ದು ಹೆಚ್ಚು. ಬೇಲೂರಿನ ಗುಡಿಯಲ್ಲಿ ಮದನಿಕೆಯರನ್ನು ಕತ್ತೆತ್ತಿ ನೋಡುವ ಹೊತ್ತಿಗೆ ಆಕೆ ಮಗಳ ಮುಖ ತೊಳೆಸಲು ನಲ್ಲಿ ಹುಡುಕುತ್ತಿದ್ದಳು. ಮನೆಯ ದುಡಿಮೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಗಂಡಸರಿಗೆ ಸುಲಭ. ಹೆಂಗಸರ ವಿಷಯದಲ್ಲಿ ಅದು ಅನೇಕ ವೇಳೆ ಅವರಿಗಿಂತ ಮೊದಲೇ ಬಸ್ಸು ಹತ್ತಿ ಕುಳಿತಿರುತ್ತದೆ.

ನಿವೃತ್ತನಾದ ವರ್ಷ, ಅಂದರೆ 2018ರ ಡಿಸೆಂಬರಿನಲ್ಲಿ, ಮತ್ತೊಂದು ಪ್ರವಾಸಕ್ಕೆ ಹೊರಟೆವು. ಈ ಬಾರಿ ಬಾದಾಮಿಗೆ. ನಾನು, ಪತ್ನಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ, ಜೊತೆಗೆ ಗದಗಿನಲ್ಲಿರುವ ನಮ್ಮ ಅತ್ತೆಯವರು. ಅವರಿಗೆ ಆಗ 80 ವರ್ಷ. ಪಟ್ಟಿ ಬರೆಯಲು ಕಾಗದ ತೆಗೆದವನು ಹಾಗೆಯೇ ಕೆಳಗಿಟ್ಟೆ. ಬದಲಾಗಿ, ನಿಮಗೆ ಏನು ಬೇಕು ಎಂದು ಒಬ್ಬೊಬ್ಬರನ್ನಾಗಿ ಕೇಳಿದೆ. ಒಬ್ಬರಿಗೆ ಒಂದೇ ಆಸೆ. ಅದನ್ನು ಉಳಿದವರು ತಪ್ಪದೆ ನಡೆಸಿಕೊಡಬೇಕು.

ಉತ್ತರಗಳು ನನ್ನನ್ನು ಬೆರಗುಗೊಳಿಸಿದವು. ಮೊಮ್ಮಗನಿಗೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂರಬೇಕು. ಮೊಮ್ಮಗಳಿಗೆ ಬಾದಾಮಿಯ ಕೋತಿಗಳನ್ನು ನೋಡಬೇಕು. ಮಗನಿಗೆ ಮೇಣಬಸದಿಯ ಚಿತ್ರ ತೆಗೆಯಬೇಕು. ಅತ್ತೆಯವರಿಗೆ ಮನೆದೇವರಾದ ಬನಶಂಕರಿಯ ದರ್ಶನವಾಗಬೇಕು. ಸೊಸೆ ಸಂಕೋಚದಿಂದ, "ಮಾವ, ಒಂದು ದಿನ ಬೆಳಿಗ್ಗೆ ಎಂಟು ಗಂಟೆಯವರೆಗೆ ಮಲಗಬೇಕು" ಎಂದಳು. ನನ್ನ ಪತ್ನಿ, ತಾನು ಅಟ್ಟಿರದ ಊಟವನ್ನು ಕುಳಿತು ಉಣ್ಣಬೇಕೆಂದಳು. ನನ್ನದು ಕಪ್ಪೆ ಅರಭಟ್ಟನ ಶಾಸನ. ಏಳು ಮಂದಿಯ ಏಳು ಆಸೆಗಳಲ್ಲಿ ನಾನು ಬರೆಯಬಹುದಾಗಿದ್ದ ಪಟ್ಟಿಯೊಳಗೆ ಸೇರುತ್ತಿದ್ದವು ಮೂರು ಮಾತ್ರ. ಸೊಸೆಯ ನಿದ್ರೆಯೂ ಪತ್ನಿಯ ಊಟವೂ ಯಾವ ಮಾರ್ಗದರ್ಶಿ ಪುಸ್ತಕದಲ್ಲಿಯೂ ಇರುವುದಿಲ್ಲ. ಕೇಳಿದರಷ್ಟೇ ತಿಳಿಯುತ್ತವೆ.

ಎರಡನೆಯದಾಗಿ, ಒಂದೇ ಊರಿನಲ್ಲಿ ಮೂರು ರಾತ್ರಿ ತಂಗಿದೆವು. ಪ್ರವಾಸ ಎಂಬ ಪದದಲ್ಲಿಯೇ ವಾಸವಿದೆ. ಮನೆಯಿಂದ ದೂರ ಹೋಗಿ ಇನ್ನೊಂದೆಡೆ ವಾಸವಾಗಿರುವುದು ಅದರ ಮೂಲಾರ್ಥ. ನಾವು ವಾಸವನ್ನು ಬಿಟ್ಟು ಓಟವನ್ನು ಇಟ್ಟುಕೊಂಡಿದ್ದೇವೆ. ಒಂದೆಡೆ ತಂಗಿದರೆ ಚೀಲಗಳು ಕೋಣೆಯಲ್ಲಿ ಬೀಗದೊಳಗೆ ಕುಳಿತಿರುತ್ತವೆ. ಅವನ್ನು ಕಾಯಲು ಯಾರೂ ಬೇಕಿಲ್ಲ. ತಮ್ಮ ತಮ್ಮ ಬಟ್ಟೆಯ ಚೀಲವನ್ನು ತಾವು ತಾವೇ ತುಂಬಿ, ತಾವೇ ಹೊರಬೇಕೆಂದೂ ನಿಯಮ ಮಾಡಿದ್ದೆವು. ಮೊಮ್ಮಗನ ಪುಟ್ಟ ಚೀಲದಲ್ಲಿ ಎರಡು ಅಂಗಿ, ಒಂದು ಆಟದ ಲಾರಿ ಇದ್ದವು. ತಾನೇ ಹೊರಬೇಕೆಂದು ಗೊತ್ತಾದಾಗ ನನ್ನ ಚೀಲದಿಂದ ಮೂರು ದಪ್ಪ ಪುಸ್ತಕಗಳು ಕೆಳಗಿಳಿದವು. ಹೊರೆ ಯಾರದೆಂಬುದು ತಿಳಿದರೆ ಅಗತ್ಯ ಯಾವುದೆಂಬುದೂ ತಿಳಿಯುತ್ತದೆ.

ಮೂರನೆಯದು ಹೊತ್ತಿನ ಲೆಕ್ಕ. ಗುಡಿ, ಗುಹೆಗಳನ್ನು ಬೆಳಗಿನ ತಂಪಿನಲ್ಲಿ ನೋಡಬೇಕು. ಚಪ್ಪಲಿ ಬಿಟ್ಟು ನಡೆಯುವ ಕಡೆಗಳಲ್ಲಿ ನಡುಮಧ್ಯಾಹ್ನದ ಕಲ್ಲು ಕಾದ ಕಾವಲಿ. ಒಂದು ಜೊತೆ ಕಾಲುಚೀಲ ಇಟ್ಟುಕೊಂಡರೆ ಮುದುಕರೂ ಮಕ್ಕಳೂ ಆಶೀರ್ವದಿಸುತ್ತಾರೆ. ಮಧ್ಯಾಹ್ನ ಉಂಡು ಮಲಗಬೇಕು. ಸಂಜೆ ಮತ್ತೆ ಹೊರಡಬೇಕು. ಪ್ರವಾಸದ ಜಗಳಗಳಲ್ಲಿ ಹೆಚ್ಚಿನವು ಹೊಟ್ಟೆಯಲ್ಲಿ ಹುಟ್ಟಿ ಬಾಯಲ್ಲಿ ಹೊರಬರುವಂಥವು. ಹಸಿದ ಮಗುವಿಗೆ ಚಾಲುಕ್ಯ ಶಿಲ್ಪದ ಸೊಬಗು ಕಾಣದು. ಹಸಿದ ಪ್ರಾಧ್ಯಾಪಕನಿಗೂ ಕಾಣದೆಂಬುದು ನನ್ನ ಅನುಭವ. ಹಾಗೆಂದು ಬಾದಾಮಿಯ ಗುಹೆಗಳ ಬಳಿ ತಿಂಡಿಯ ಪೊಟ್ಟಣ ಬಿಚ್ಚಬೇಡಿ. ಅಲ್ಲಿಯ ಕೋತಿಗಳು ಅತಿಥಿಸತ್ಕಾರವನ್ನು ತಿರುವುಮುರುವಾಗಿ ನಡೆಸುತ್ತವೆ. ಮೊಮ್ಮಗಳ ಆಸೆ ಅಲ್ಲಿ ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೇ ಈಡೇರಿತು.

ನಾಲ್ಕನೆಯದೇ ಮುಖ್ಯವಾದದ್ದು. ಯಾರಾದರೂ ಕೆಳಗೆ ಉಳಿಯಲೇಬೇಕಾದರೆ ಸರದಿಯ ಮೇಲೆ ಉಳಿಯಬೇಕು. ಬಾದಾಮಿಯಲ್ಲಿ ಗುಹೆಗಳು ನಾಲ್ಕು. ಅತ್ತೆಯವರು ನನ್ನ ತೋಳು ಹಿಡಿದು, ನಿಂತು ನಿಂತು, ಮೊದಲನೆಯ ಗುಹೆಯವರೆಗೆ ಹತ್ತಿದರು. ಅಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಮಕ್ಕಳು ಕೈಗಳನ್ನು ಎಣಿಸಿದರು, ತಪ್ಪಿದರು, ಮತ್ತೆ ಎಣಿಸಿದರು. ಮುಂದಕ್ಕೆ ಅತ್ತೆಯವರಿಗೆ ಆಗುವಂತಿರಲಿಲ್ಲ. ಆಗ ಮಗ, "ಅಪ್ಪ, ನೀವು ಹೋಗಿ ಬನ್ನಿ. ಆಮೇಲೆ ನಾನು ಹೋಗುತ್ತೇನೆ" ಎಂದು ಅಜ್ಜಿಯ ಪಕ್ಕ ಕುಳಿತ. ನಾನು ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನದ ಮುಂದೆ ನಿಂತಿದ್ದೆ. ಗಮನವೆಲ್ಲ ಮಗ ಆಡಿದ ಮಾತಿನ ಮೇಲಿತ್ತು. ಅದೇ 'ನೀವು ಹೋಗಿ ಬನ್ನಿ'. 1992ರಲ್ಲಿ ಆ ಮಾತನ್ನು ಕೇಳಿಸಿಕೊಂಡು ನಾನು ಹೋಗಿಯೇಬಿಟ್ಟಿದ್ದೆ. ಈಗ ಇಳಿದು ಬಂದು ಅವನನ್ನು ಮೇಲೆ ಕಳಿಸಿದೆ. ಇಪ್ಪತ್ತು ನಿಮಿಷಗಳ ವ್ಯತ್ಯಾಸ, ಅಷ್ಟೇ.

ಆ ಸಂಜೆ ನನ್ನ ಸರದಿ. ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ನೋಡಿ ಬಂದೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಉಳಿದವರೆಲ್ಲ ಕುಳಿತಿದ್ದರು. ಎದುರಿಗೆ ಭೂತನಾಥನ ಗುಡಿ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ನಾನು ಹಳೆಯ ರೂಢಿಯಂತೆ ಪಾಠ ಹೇಳತೊಡಗಿದೆ: ಈ ಶಾಸನ ಸುಮಾರು 700ರ ಕಾಲದ್ದು, ಕನ್ನಡ ತ್ರಿಪದಿಗೆ ದೊರೆತಿರುವ ಅತಿ ಪ್ರಾಚೀನ ನಿದರ್ಶನ ಎಂದು. ಪದ್ಯವನ್ನು ಓದಿ ತೋರಿಸಿದೆ. ಸೊಸೆ ಸೌಜನ್ಯಕ್ಕಾಗಿ ತಲೆಯಾಡಿಸಿದಳು. ಮೊಮ್ಮಗ ಆಕಳಿಸಿದ. ಅಷ್ಟರಲ್ಲಿ ಅತ್ತೆಯವರು, "ಅಳಿಯಂದ್ರ, ಇದು ನಮ್ಮ ಬೀಸೂ ಪದದ ಧಾಟೀನ ಅಲ್ಲೇನ್ರಿ?" ಎಂದರು. ಎಂದವರೇ, ಬಲಗೈಯನ್ನು ಇಲ್ಲದ ಬೀಸುವ ಕಲ್ಲಿನ ಗೂಟದ ಮೇಲಿಟ್ಟು ತಿರುಗಿಸುತ್ತ, ಸಣ್ಣ ದನಿಯಲ್ಲಿ ಹಾಡತೊಡಗಿದರು. ಒಂದಲ್ಲ, ಏಳೆಂಟು ಪದಗಳು. ಅವರು ಹಾಡುವುದನ್ನು ಮದುವೆಯಾಗಿ ಇಷ್ಟು ವರ್ಷಗಳಾದರೂ ನಾನು ಕೇಳಿರಲಿಲ್ಲ. ನನ್ನ ಪತ್ನಿ ಕೇಳಿ ನಲವತ್ತು ವರ್ಷಗಳಾಗಿದ್ದವಂತೆ. ಮೊಮ್ಮಗಳು ಅವರ ಕೈಯ ಮೇಲೆ ತನ್ನ ಕೈಯಿಟ್ಟು ತಾನೂ ಬೀಸಿದಳು. ಹದಿಮೂರು ಶತಮಾನಗಳ ಹಿಂದೆ ಬಂಡೆಯನ್ನೇರಿದ ಛಂದಸ್ಸು ನಮ್ಮ ಮನೆಯ ಹಿರಿಯರ ಕೊರಳಲ್ಲಿ ಜೀವಂತವಾಗಿತ್ತು. ತ್ರಿಪದಿ ಪಾಠ ಹೇಳುತ್ತಲೇ ನಿವೃತ್ತನಾದ ನನಗೆ ಅದು ತಿಳಿದಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕುಳಿತೆ. ಆರು ಗಂಟೆಯ ಬಸ್ಸೊಂದು ನಮಗಾಗಿ ಕಾದಿದ್ದರೆ ಆ ಹಾಡು ಅವರ ಗಂಟಲಲ್ಲಿಯೇ ಉಳಿಯುತ್ತಿತ್ತು.

ಆದುದರಿಂದ ಐದನೆಯ ರೂಢಿ: ದಿನಕ್ಕೆ ಒಂದು ಗಂಟೆಯನ್ನಾದರೂ ಯಾವ ಕೆಲಸಕ್ಕೂ ಕೊಡದೆ ಬಿಡುವುದು. ಆ ಹೊತ್ತಿನಲ್ಲಿ ಮೊಬೈಲುಗಳೂ ಚೀಲದಲ್ಲಿರಲಿ. ಇದನ್ನು ಅಪ್ಪಣೆಯಾಗಿ ಹೇಳಿದರೆ ಮಕ್ಕಳು ಮುನಿಯುತ್ತಾರೆ. ಮೊದಲು ಹಿರಿಯರು ಇಟ್ಟರೆ ಅವರೂ ಇಡುತ್ತಾರೆ. ರಾತ್ರಿ ಊಟವಾದಮೇಲೆ, ಈ ದಿನ ಕಂಡ ಒಂದು ಸಂಗತಿಯನ್ನು ಒಬ್ಬೊಬ್ಬರೂ ಹೇಳಬೇಕೆಂದು ಗೊತ್ತುಮಾಡಿದ್ದೆವು. ಪಟ್ಟದಕಲ್ಲಿಗೆ ಹೋಗಿ ಬಂದ ರಾತ್ರಿ ಅತ್ತೆಯವರ ಸರದಿ ಬಂತು. ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು, ಇಮ್ಮಡಿ ವಿಕ್ರಮಾದಿತ್ಯ ಪಲ್ಲವರನ್ನು ಗೆದ್ದುದರ ನೆನಪಿಗಾಗಿ, ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದಳೆಂದು ನಾನು ಹೇಳಿದ್ದೆ. ಅತ್ತೆಯವರು ಅದನ್ನೇ ನೆನೆದು, "ಗಂಡ ಯುದ್ಧಾ ಮಾಡಿದ, ಹೇಣ್ತಿ ಗುಡೀ ಕಟ್ಟಿಸಿದ್ಲು. ಈಗ ಉಳದದ್ದು ಯಾವ್ದು ನೋಡ್ರಿ" ಎಂದರು. ಇಂಥ ವಿಮರ್ಶೆ ನನಗೆ ಯಾವ ಗ್ರಂಥದಲ್ಲಿಯೂ ದೊರೆತಿರಲಿಲ್ಲ.

ಕೊನೆಯದು, ಬಿಟ್ಟು ಬರುವ ಅಭ್ಯಾಸ. ಮೂರನೆಯ ದಿನ ಐಹೊಳೆಗೆ ಹೋಗಬಹುದಾಗಿತ್ತು. ಆದರೆ ಅಂದು ಸೊಸೆಯ ನಿದ್ರೆಯ ದಿನ, ಅತ್ತೆಯವರ ಬನಶಂಕರಿಯ ದಿನ. ಬನಶಂಕರಿಯಲ್ಲಿ ದರ್ಶನ ಮಾಡಿಕೊಂಡು ಹೊರಬಂದರೆ, ಹೊಂಡದ ಬಳಿ ಬುಟ್ಟಿಯಿಟ್ಟುಕೊಂಡು ಕುಳಿತ ತಾಯಂದಿರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ನನ್ನ ಪತ್ನಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಯಾರಿಗೂ ಬಡಿಸದೆ, ಎರಡು ರೊಟ್ಟಿ ಉಂಡು ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ಊರಿಗೆ ಬಂದಮೇಲೆ ವಿದ್ವಾಂಸ ಮಿತ್ರರೊಬ್ಬರು, "ಅಷ್ಟು ದೂರ ಹೋಗಿ 634ರ ರವಿಕೀರ್ತಿಯ ಶಾಸನವನ್ನು ನೋಡದೆ ಬಂದಿರಾ?" ಎಂದು ಆಕ್ಷೇಪಿಸಿದರು. ಶಾಸನ ಮೇಗುತಿಯ ಗುಡಿಯಲ್ಲಿ ಭದ್ರವಾಗಿದೆ, ಇನ್ನೂ ಬಹುಕಾಲ ಇರುತ್ತದೆ, 80 ವರ್ಷದ ಅತ್ತೆಯವರ ವಿಷಯದಲ್ಲಿ ನಾನು ಆ ಮಾತು ಹೇಳಲಾರೆ ಎಂದೆ. ಅವರು ಸುಮ್ಮನಾದರು. ಅತ್ತೆಯವರು ಅದಾದ ಮೂರು ವರ್ಷಕ್ಕೆ ತೀರಿಕೊಂಡರು. ಮೊಮ್ಮಗಳಿಗೆ ಈಗಲೂ ಆ ಬೀಸುವ ಪದಗಳಲ್ಲಿ ಎರಡು ಬಾಯಿಗೆ ಬರುತ್ತವೆ.

ಇವೆಲ್ಲ ಬಹಳ ಸಣ್ಣ ಸಂಗತಿಗಳು. ಕೇಳುವುದು, ತಂಗುವುದು, ಹೊತ್ತಿಗೆ ಉಣ್ಣುವುದು, ಸರದಿ ಹಿಡಿಯುವುದು, ಸುಮ್ಮನೆ ಕೂರುವುದು, ಒಂದಿಷ್ಟನ್ನು ಬಿಟ್ಟು ಬರುವುದು. ಇವಕ್ಕೆ ಹಣ ಬೇಕಿಲ್ಲ. ಒಂದು ಸ್ಥಳವನ್ನು ಬಿಟ್ಟು ಹೊರಡುವ ಮುನ್ನ, ಇದನ್ನು ಇನ್ನೂ ಯಾರು ನೋಡಿಲ್ಲ ಎಂದು ಒಮ್ಮೆ ಹಿಂದಿರುಗಿ ಕೇಳುವಷ್ಟು ವ್ಯವಧಾನ ಬೇಕು.

ಬರುವ ಚಳಿಗಾಲಕ್ಕೆ ಶ್ರವಣಬೆಳಗೊಳಕ್ಕೆ ಹೋಗುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ನನ್ನ ಪತ್ನಿಗೆ ಈಗ ಮಂಡಿನೋವು. ಮೆಟ್ಟಿಲ ವಿಷಯ ಬಂದಾಗ ಆಕೆ, "ನೀವು ಹೋಗಿ ಬನ್ನಿ, ನಾನು ಕೆಳಗಿರುತ್ತೇನೆ" ಎಂದಳು. ಅಲ್ಲಿಯೇ ಎರಡು ರಾತ್ರಿ ತಂಗುವುದು, ಮುಂಜಾನೆ ಡೋಲಿ ಗೊತ್ತುಮಾಡುವುದು, ಡೋಲಿಯ ಹಿಂದೆ ನಾನು ನಿಧಾನವಾಗಿ ಹತ್ತುವುದು ಎಂದು ನಾನೂ ಮೊಮ್ಮಗಳೂ ಕೂಡಿ ಗೊತ್ತುಮಾಡಿದ್ದೇವೆ. ಚಪ್ಪಲಿಗಳನ್ನು ಕೋಣೆಯಲ್ಲಿಯೇ ಬಿಟ್ಟು ಹೊರಡುತ್ತೇವೆ.